ಹಿತ್ತಲ ಬೇಲಿಗೆ ಸೈಬೀರಿಯದ ಹಕ್ಕಿ

“ಮೇಷ್ಟ್ರೇ, ನಿಮ್ಮ ಕಲ್ಲು ಕುಟ್ಟೋ ಹಕ್ಕಿ ಬಂದೈತೆ ನೋಡಿ!”

ವರ್ಷಕ್ಕೊಮ್ಮೆ, ಹೊಲದಲ್ಲಿ ರಾಗಿಯ ತೆನೆ ಹಾಲುಗಟ್ಟುವ ದಿನಗಳಲ್ಲಿ, ಪಕ್ಕದ ಮನೆಯ ಅಜ್ಜಿ ಬೇಲಿಯ ಆಚೆಯಿಂದ ನಮಗೆ ಹೇಳುವ ಮಾತಿದು. ಕಿವಿಗೊಟ್ಟು ನಿಂತರೆ ಬೇಲಿಯ ಗಿಡಗಳ ನಡುವಿನಿಂದ ಚೆಕ್... ಚೆಕ್... ಎಂಬ ಸದ್ದು ಕೇಳಿಸುತ್ತದೆ. ಎರಡು ಬೆಣಚುಕಲ್ಲುಗಳನ್ನು ಒಂದಕ್ಕೊಂದು ಮೆಲ್ಲಗೆ ತಟ್ಟಿದಂತಹ ಸದ್ದು. ಆಗೊಮ್ಮೆ ಈಗೊಮ್ಮೆ ಒಂದು ಎಲೆ ಅಲುಗುತ್ತದೆ. ಹಕ್ಕಿ ಮಾತ್ರ ಕಾಣುವುದಿಲ್ಲ. ಮೊದಲ ಎರಡು ವರ್ಷ ನಾವು ಅದರ ಸದ್ದನ್ನಷ್ಟೇ ಬಲ್ಲವರಾಗಿದ್ದೆವೆಂದು ಹೇಳಿಕೊಳ್ಳಲು ಸಂಕೋಚವಿಲ್ಲ. ಮೂರನೆಯ ವರ್ಷ, ಬಚ್ಚಲ ನೀರು ಹರಿದು ನಿಂತಲ್ಲಿ ಕುಡಿಯಲು ಇಳಿದಾಗ ಅದು ಪೂರ್ತಿಯಾಗಿ ಕಣ್ಣಿಗೆ ಬಿತ್ತು. ಗುಬ್ಬಚ್ಚಿಗಿಂತ ಚಿಕ್ಕದು. ಮೈಯೆಲ್ಲ ಎಣ್ಣೆಗಪ್ಪು ಬೆರೆತ ಮಾಸಲು ಕಂದು, ಹೊಟ್ಟೆ ಬಿಳಿಚು, ಕಣ್ಣಿನ ಮುಂದೆ ಒಂದು ಮಂಕಾದ ಬಿಳಿಯ ಗೆರೆ. ಚೆಲುವಿನ ದೃಷ್ಟಿಯಿಂದ ಹೊಗಳತಕ್ಕದ್ದು ಅದರಲ್ಲಿ ಏನೂ ಇರಲಿಲ್ಲ. ಹಕ್ಕಿಗಳ ಪುಸ್ತಕವನ್ನು ತೆರೆದು ಗುರುತಿಸಿದ ಮೇಲೆ ಮಾತ್ರ ನಾವು ಬೆರಗಾಗಿ ಕುಳಿತೆವು. ಈ ಹಕ್ಕಿ ಹುಟ್ಟಿದ ನಾಡು ಮಧ್ಯ ಏಷ್ಯ, ಸೈಬೀರಿಯ, ರಷ್ಯ. ಕೆಲವು ಫಿನ್ಲೆಂಡಿನಷ್ಟು ದೂರದಲ್ಲಿಯೂ ಹುಟ್ಟುತ್ತವೆ. ಬ್ಲೈತ್ ಜೊಂಡು ಉಲಿಯಕ್ಕಿ ಎಂದು ಇದರ ಹೆಸರು. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲೈತ್ ಎಂಬ ವಿದ್ವಾಂಸನ ನೆನಪಿಗೆ ಈ ಹೆಸರು ಬಂದಿದೆ. ಅಜ್ಜಿಯಿಟ್ಟ ಹೆಸರೇ ಮೇಲೆಂದು ನಮ್ಮ ಅಭಿಪ್ರಾಯ.

ನಮ್ಮ ವಾಸ ಸೋಲೂರಿನಲ್ಲಿ. ಬೆಂಗಳೂರಿನಿಂದ ಕುಣಿಗಲ್ಲಿನ ಕಡೆಗೆ ಹೋಗುವ ಹೆದ್ದಾರಿಯಲ್ಲಿ ನೆಲಮಂಗಲವನ್ನು ದಾಟಿದ ಮೇಲೆ ಸಿಗುವ ಊರಿದು, ಮಾಗಡಿ ಸೀಮೆಯದು. ಮಾಗಡಿ ಎಂದೊಡನೆ ಹಕ್ಕಿಗಳ ವಿಷಯ ಬಲ್ಲ ಕೆಲವರು ಪಟ್ಟೆತಲೆಯ ಹೆಬ್ಬಾತುಗಳನ್ನು ನೆನೆಯುವುದುಂಟು. ಅದು ಬೇರೆಯ ಮಾಗಡಿ. ಹಿಮಾಲಯವನ್ನು ದಾಟಿ ಬರುವ ಆ ಹೆಬ್ಬಾತುಗಳು ಇಳಿಯುವುದು ಗದಗ ಜಿಲ್ಲೆಯ ಮಾಗಡಿ ಕೆರೆಗೆ. 2024ರಲ್ಲಿ ಆ ಕೆರೆ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿತು. ನಮ್ಮ ಕಡೆ ಅಂತಹ ವೈಭವವಿಲ್ಲ. ಅವರೆಕಾಯಿ, ರಾಗಿ, ಮಾವು, ಕಲ್ಲುಗುಡ್ಡ ಇವೇ ನಮ್ಮ ಸೀಮೆಯ ಸಂಪತ್ತು. ಆದರೆ ಒಂದು ಸೀಬೆಯ ಮರ, ಒಂದು ನುಗ್ಗೆ, ನಾಲ್ಕು ಬಾಳೆ, ಸುತ್ತಲೂ ಒಂದು ಹಸಿರು ಬೇಲಿ ಇರುವ ಹಿತ್ತಲಿಗೆ ಚಳಿಗಾಲದಲ್ಲಿ ಎಷ್ಟು ದೂರದ ಹಕ್ಕಿಗಳು ಬರುತ್ತವೆ ಎಂಬುದನ್ನು ಎಣಿಸಿದರೆ ಸೋಜಿಗವಾಗುತ್ತದೆ.

ಎಲ್ಲರಿಗಿಂತ ಮೊದಲು ಬರುವುದು ಬೂದು ಸಿಪಿಲೆ. ಸೆಪ್ಟೆಂಬರಿನ ಒಂದು ಬೆಳಿಗ್ಗೆ ಮಹಡಿಯ ಮೇಲೆ ನೀರಿನ ತೊಟ್ಟಿಯ ಬಳಿ ನೀಳವಾದ ಬಾಲವನ್ನು ಮೇಲೆ ಕೆಳಗೆ ಆಡಿಸುತ್ತ ಅದು ಓಡಾಡುತ್ತಿರುತ್ತದೆ. ಹಿಮಾಲಯದ ಹಾಗೂ ಅದರಾಚೆಯ ತೊರೆಗಳ ಬದಿಯಲ್ಲಿ ಮರಿಮಾಡುವ ಹಕ್ಕಿಯಿದು. ಸಿಪಿಲೆಗಳ ಬರವನ್ನು ನಮ್ಮವರು ಗಮನಿಸಲು ತೊಡಗಿದ್ದು ಇಂದು ನಿನ್ನೆಯಲ್ಲ. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಖಂಜನ ಪಕ್ಷಿಯ ದರ್ಶನಕ್ಕೆಂದೇ ಒಂದು ಅಧ್ಯಾಯವಿದೆ. ಯಾವ ಸ್ಥಳದಲ್ಲಿ ಕಂಡರೆ ಯಾವ ಫಲ ಎಂಬ ವಿಚಾರವನ್ನು ನಂಬುವ ಅಗತ್ಯವಿಲ್ಲ. ವರ್ಷದ ಮೊದಲ ಸಿಪಿಲೆಯನ್ನು ಎಲ್ಲಿ ಕಂಡೆವೆಂದು ಗುರುತಿಟ್ಟುಕೊಳ್ಳುವ ಅಭ್ಯಾಸ ಮಾತ್ರ ಬಹು ಒಳ್ಳೆಯದು.

ಸಿಪಿಲೆಯ ಹಿಂದೆಯೇ ಬೇಲಿಗೆ ಜೊಂಡು ಉಲಿಯಕ್ಕಿ, ಸೀಬೆಯ ಮರಕ್ಕೆ ಅದಕ್ಕಿಂತಲೂ ಚಿಕ್ಕದಾದ ಹಸಿರು ಎಲೆ ಉಲಿಯಕ್ಕಿ ಬರುತ್ತವೆ. ಅನಂತರ ಬೂದು ಕಾಜಾಣ, ಹೊನ್ನಕ್ಕಿ, ಅದೃಷ್ಟವಿದ್ದ ವರ್ಷ ಬಾಲದ ಉದ್ದನೆಯ ಗರಿಗಳನ್ನು ತೂಗಾಡಿಸುವ ರಾಜಹಕ್ಕಿ. ಇವೆಲ್ಲವನ್ನೂ ವರ್ಣಿಸುತ್ತ ಹೋದರೆ ಪತ್ರಿಕೆಯ ಪುಟಗಳು ಸಾಲವು. ಎಲ್ಲಕ್ಕಿಂತ ಮಂಕಾದ ಆ ಬೇಲಿಯ ಹಕ್ಕಿಯನ್ನೇ ಹಿಡಿದು ಮುಂದುವರಿಯುವೆವು. ಭೌತವಿಜ್ಞಾನವನ್ನು ಬೋಧಿಸುವ ನಮಗೆ ಅದು ಕೊಟ್ಟಷ್ಟು ಲೆಕ್ಕಗಳನ್ನು ಬೇರಾವ ಹಕ್ಕಿಯೂ ಕೊಟ್ಟಿಲ್ಲ.

ಮೊದಲು ಅದರ ತೂಕ. ಪುಸ್ತಕಗಳು ಸುಮಾರು 12 ಗ್ರಾಂ ಎನ್ನುತ್ತವೆ. ಅಂಕಿಯನ್ನು ಓದಿದರೆ ಅನುಭವಕ್ಕೆ ಬರುವುದಿಲ್ಲ. ಒಂದು ಹತ್ತು ರೂಪಾಯಿಯ ನಾಣ್ಯ 7.71 ಗ್ರಾಂ ತೂಗುತ್ತದೆ. 2011ರಲ್ಲಿ ಬಂದ ಒಂದು ರೂಪಾಯಿಯ ನಾಣ್ಯ 3.79 ಗ್ರಾಂ. ಎರಡನ್ನೂ ಅಂಗೈಯಲ್ಲಿಟ್ಟು ನೋಡಿ. ಸೈಬೀರಿಯದಿಂದ ಬಂದ ಪ್ರಯಾಣಿಕನ ತೂಕ ಹೆಚ್ಚುಕಡಿಮೆ ಅಷ್ಟೇ. ಅದರ ಗರಿ, ಎಲುಬು, ಹೃದಯ, ದಾರಿ ಬಲ್ಲ ಮೆದುಳು, ಎಲ್ಲವೂ ಆ ಹನ್ನೊಂದು ರೂಪಾಯಿಗಳಲ್ಲಿ ಅಡಕವಾಗಿವೆ.

ಇನ್ನು ದೂರ. ನಮ್ಮ ಬೇಲಿಯ ಹಕ್ಕಿ ಇಂತಹ ಊರಿನಿಂದಲೇ ಬಂದಿತೆಂದು ಹೇಳಲಾಗದಿದ್ದರೂ ಅದರ ನಾಡಿನಲ್ಲಿರುವ ನೊವೊಸಿಬಿರ್ಸ್ಕ್ ನಗರವನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಆ ನಗರ 55 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಸೋಲೂರು 13 ಡಿಗ್ರಿಯಲ್ಲಿ. ಅಂತರ 42 ಡಿಗ್ರಿ. ಒಂದು ಡಿಗ್ರಿಗೆ 111 ಕಿಲೋಮೀಟರಿನಂತೆ ಗುಣಿಸಿ, ರೇಖಾಂಶದ ಅಲ್ಪ ವ್ಯತ್ಯಾಸವನ್ನೂ ಸೇರಿಸಿದರೆ ಸುಮಾರು 4,700 ಕಿಲೋಮೀಟರ್ ಆಗುತ್ತದೆ. ಇದು ನೇರ ದೂರ. ನಡುವೆ ಟಿಬೆಟ್ಟಿನ ಪ್ರಸ್ಥಭೂಮಿ ಅಡ್ಡವಿರುವುದರಿಂದ ಅದನ್ನು ಬಳಸಿ ಬರುವ ಹಕ್ಕಿಗೆ ದಾರಿ ಇನ್ನಷ್ಟು ದೀರ್ಘವಾಗುತ್ತದೆ.

ಇಷ್ಟು ದೂರ ಬರುವುದಾದರೂ ಏಕೆ? ಚಳಿಗೆ ಹೆದರಿ ಎಂಬ ಉತ್ತರ ಎಲ್ಲರ ಬಾಯಲ್ಲಿಯೂ ಇದೆ. ಅದು ಅರ್ಧ ಮಾತ್ರ ಸರಿ. ಗರಿಗಳ ಹೊದಿಕೆಯುಳ್ಳ ಹಕ್ಕಿ ಹೊಟ್ಟೆ ತುಂಬಿದ್ದರೆ ಕಠಿನವಾದ ಚಳಿಯನ್ನೂ ತಾಳಬಲ್ಲದು. ಗುಬ್ಬಚ್ಚಿಗಿಂತ ಚಿಕ್ಕ ಹಕ್ಕಿಗಳು ಉತ್ತರದ ಹಿಮದಲ್ಲಿಯೇ ಚಳಿಗಾಲವನ್ನು ಕಳೆಯುವುದುಂಟು. ಉಲಿಯಕ್ಕಿಯ ತೊಂದರೆ ಆಹಾರದ್ದು. ಅದು ಹುಳುಹುಪ್ಪಟೆಗಳನ್ನು ತಿಂದು ಬದುಕುವ ಜೀವಿ. ಹಿಮ ಬಿದ್ದ ನಾಡಿನಲ್ಲಿ ಎಲೆಯೇ ಇಲ್ಲದ ಮೇಲೆ ಎಲೆಯ ಹುಳು ಎಲ್ಲಿಂದ ಬರಬೇಕು? ಇದರೊಡನೆ ಹಗಲಿನ ಲೆಕ್ಕವನ್ನೂ ಸೇರಿಸಿಕೊಳ್ಳಿ. ಡಿಸೆಂಬರ್ 21ರ ಸುಮಾರಿಗೆ 55 ಡಿಗ್ರಿ ಅಕ್ಷಾಂಶದಲ್ಲಿ ಹಗಲು ಏಳು ಗಂಟೆಗಳಷ್ಟು ಮಾತ್ರ. ಅದೇ ದಿನ ಸೋಲೂರಿನಲ್ಲಿ ಹಗಲು 11 ಗಂಟೆ 20 ನಿಮಿಷಗಳಷ್ಟಿರುತ್ತದೆ. ಬೆಳಕಿನಲ್ಲಿ ಹುಳುವನ್ನು ಹುಡುಕುವ ಹಕ್ಕಿಗೆ ಈ ನಾಲ್ಕು ಗಂಟೆಗಳ ಹೆಚ್ಚಳ ಬದುಕು ಸಾವಿನ ವ್ಯತ್ಯಾಸವೇ ಸರಿ.

ಹೊರಡುವ ಹೊತ್ತು ಬಂದಿತೆಂಬುದನ್ನು ಹಕ್ಕಿಗೆ ತಿಳಿಸುವುದೂ ಮುಖ್ಯವಾಗಿ ಹಗಲಿನ ಉದ್ದವೇ. 1920ರ ದಶಕದಲ್ಲಿ ಕೆನಡದ ವಿಲಿಯಂ ರೋವನ್ ಎಂಬ ಪ್ರಾಧ್ಯಾಪಕರು ಚಳಿಗಾಲದ ಬಯಲಿನಲ್ಲಿ ಪಂಜರಗಳನ್ನಿಟ್ಟು, ದಿನದಿನವೂ ವಿದ್ಯುದ್ದೀಪಗಳನ್ನು ಸ್ವಲ್ಪ ಹೆಚ್ಚು ಹೊತ್ತು ಉರಿಸುತ್ತ ಹೋದರು. ಮೈ ಕೊರೆಯುವ ಚಳಿಯಲ್ಲಿಯೇ ಪಂಜರದ ಹಕ್ಕಿಗಳ ದೇಹದಲ್ಲಿ ವಸಂತಕಾಲದ ಬದಲಾವಣೆಗಳು ತೋರಿದವು. ಆದರೆ ಸೋಲೂರಿನಲ್ಲಿ ಕುಳಿತ ಹಕ್ಕಿಗೆ ಈ ಸೂಚನೆ ಬಲು ಮಂದವಾದುದು. ಇಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಕಿರಿದಾದ ಹಗಲಿಗೂ ಒಂದೂವರೆ ಗಂಟೆಯ ಅಂತರವಷ್ಟೆ. ಅದಕ್ಕೆ ಸಮಾಧಾನ ಎಬರ್ಹಾರ್ಟ್ ಗ್ವಿನರ್ ಎಂಬ ಜರ್ಮನ್ ವಿಜ್ಞಾನಿಯ ಪ್ರಯೋಗಗಳಿಂದ ದೊರೆಯಿತು. ಹಗಲು ಇರುಳುಗಳನ್ನು ಬದಲಿಸದೆ ಒಂದೇ ಸಮನಾಗಿ ಇಟ್ಟ ಕೋಣೆಯಲ್ಲಿ ಸಾಕಿದ ಉಲಿಯಕ್ಕಿಗಳೂ ಸರಿಸುಮಾರು ವರ್ಷಕ್ಕೊಮ್ಮೆ ಗರಿ ಬದಲಿಸಿದವು, ಕೊಬ್ಬು ಕೂಡಿಸಿಕೊಂಡವು, ರಾತ್ರಿಯ ಹೊತ್ತು ಹಾರಲು ಚಡಪಡಿಸಿದವು. ಅವುಗಳ ಒಳಗೇ ಒಂದು ಪಂಚಾಂಗವಿದೆ.

ಈಗ ಇಂಧನದ ವಿಚಾರಕ್ಕೆ ಬರೋಣ. ವಿದ್ಯಾರ್ಥಿಗಳು ಪೆನ್ಸಿಲನ್ನು ಕೈಗೆತ್ತಿಕೊಂಡು ನಮ್ಮೊಡನೆ ಲೆಕ್ಕ ಮಾಡಬಹುದು. ಹಕ್ಕಿಯ ಇಂಧನ ಕೊಬ್ಬು. ಒಂದು ಗ್ರಾಂ ಕೊಬ್ಬು ಉರಿದರೆ ಸುಮಾರು 38,000 ಜೂಲ್ ಶಕ್ತಿ ಬಿಡುಗಡೆಯಾಗುತ್ತದೆ. ಇದು ಪೆಟ್ರೋಲಿಗಿಂತ ಬಹಳ ಕಡಿಮೆಯೇನಲ್ಲ. ಅದೇ ಕಾಲಕ್ಕೆ ಒಂದು ಗ್ರಾಮಿಗಿಂತ ತುಸು ಹೆಚ್ಚು ನೀರೂ ಹುಟ್ಟುವುದರಿಂದ ಹಾರುವಾಗ ಬಾಯಾರಿಕೆಗೂ ಅಷ್ಟು ಪರಿಹಾರವಾಗುತ್ತದೆ. 12 ಗ್ರಾಂ ತೂಕದ ಹಕ್ಕಿ ರೆಕ್ಕೆ ಬಡಿದು ಹಾರುವಾಗ ವ್ಯಯಿಸುವ ಶಕ್ತಿ, ಒರಟು ಅಂದಾಜಿನಲ್ಲಿ, ಸೆಕೆಂಡಿಗೆ ಎರಡು ಜೂಲ್, ಎಂದರೆ ಎರಡು ವ್ಯಾಟ್. ಮಲಗುವ ಕೋಣೆಯಲ್ಲಿ ಇರುಳೆಲ್ಲ ಉರಿಸುವ ಪುಟ್ಟ ಎಲ್‌ಇಡಿ ದೀಪದಷ್ಟು! ಹಾಗಾದರೆ ಒಂದು ಗ್ರಾಂ ಕೊಬ್ಬಿನಿಂದ 19,000 ಸೆಕೆಂಡು, ಎಂದರೆ ಐದು ಗಂಟೆಗೆ ಮಿಕ್ಕಿ ಹಾರಬಹುದು. ಗಂಟೆಗೆ 40 ಕಿಲೋಮೀಟರ್ ವೇಗವೆಂದುಕೊಂಡರೆ ಸುಮಾರು 210 ಕಿಲೋಮೀಟರ್ ಸಾಗಿತು. ಸೋಲೂರಿನಿಂದ ಬಳ್ಳಾರಿಯ ಸಮೀಪಕ್ಕೆ ಮುಟ್ಟುವಷ್ಟು ದೂರಕ್ಕೆ ಒಂದು ಗ್ರಾಂ ಕೊಬ್ಬು!

ಲೆಕ್ಕವನ್ನು ಇಲ್ಲಿಗೆ ನಿಲ್ಲಿಸಿದರೆ ಹಕ್ಕಿಯ ಸಾಹಸವನ್ನು ಹೊಗಳಿ ಸುಮ್ಮನಾಗಬಹುದು. ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕು. 4,700ನ್ನು 210ರಿಂದ ಭಾಗಿಸಿ. 22 ಗ್ರಾಂ ಬರುತ್ತದೆ. ಎಂದರೆ ಇಡೀ ದಾರಿಗೆ ಬೇಕಾದ ಕೊಬ್ಬು ಹಕ್ಕಿಯ ತೂಕದ ಎರಡರಷ್ಟಕ್ಕೆ ಹತ್ತಿರವಾಯಿತು. ಅಷ್ಟನ್ನು ಹೊತ್ತು ನೆಲ ಬಿಟ್ಟು ಏಳುವುದೇ ಆಗದು. ಎದ್ದರೂ ಹೆಚ್ಚಿದ ಭಾರಕ್ಕೆ ಹೆಚ್ಚಿನ ಶಕ್ತಿ ಬೇಕಾಗಿ ನಮ್ಮ ಎರಡು ವ್ಯಾಟಿನ ಲೆಕ್ಕವೇ ಕೆಡುತ್ತದೆ. ಆದುದರಿಂದ ಹಕ್ಕಿಗಿರುವ ಉಪಾಯ ಒಂದೇ. ಮೂರೋ ನಾಲ್ಕೋ ಗ್ರಾಂ ತುಂಬಿಕೊಳ್ಳುವುದು, ಕೆಲವು ಇರುಳು ಹಾರುವುದು, ಎಲ್ಲಿಯಾದರೂ ಪೊದೆಯಿರುವಲ್ಲಿ ಇಳಿದು ಹಲವು ದಿನ ಹುಳು ಹೆಕ್ಕಿ ಮತ್ತೆ ತುಂಬಿಕೊಳ್ಳುವುದು. ದಾರಿಯುದ್ದಕ್ಕೂ ಅದಕ್ಕೆ ಬೇಲಿಗಳು ಬೇಕು, ತೋಪುಗಳು ಬೇಕು, ಕೆರೆಯ ಅಂಚಿನ ಜೊಂಡು ಬೇಕು. ಬಂಕುಗಳಿಲ್ಲದ ಹೆದ್ದಾರಿಯಲ್ಲಿ ಮೋಟಾರು ಬಂಡಿಯ ಗತಿ ಏನಾಗುವುದೋ ಇದರ ಗತಿಯೂ ಅದೇ.

ಹಾರಾಟ ನಡೆಯುವುದು ಹೆಚ್ಚಾಗಿ ಇರುಳಿನಲ್ಲಿ ಎಂದೆವು. ಇರುಳಿನ ಗಾಳಿ ತಂಪು, ಏರುಪೇರು ಕಡಿಮೆ, ಗಿಡುಗಗಳ ಭಯವಿಲ್ಲ, ಹಗಲೆಲ್ಲ ಉಣ್ಣಲು ಬಿಡುವು. ಆದರೆ ಕತ್ತಲಲ್ಲಿ ದಿಕ್ಕು ತಿಳಿಯುವುದು ಹೇಗೆ? ನಕ್ಷತ್ರಗಳಿಂದ ಎಂಬುದು ಒಂದು ಉತ್ತರ. ಅಮೆರಿಕದ ಸ್ಟೀಫನ್ ಎಮ್ಲೆನ್ 1960ರ ದಶಕದಲ್ಲಿ ತಾರಾಲಯದ ಗುಮ್ಮಟದ ಕೆಳಗೆ ಹಕ್ಕಿಗಳನ್ನಿಟ್ಟು ಇದನ್ನು ತೋರಿಸಿದರು. ಆಕಾಶ ಯಾವ ಬಿಂದುವಿನ ಸುತ್ತ ತಿರುಗುತ್ತದೆಂಬುದನ್ನು ಮರಿಗಳು ನೋಡಿ ಕಲಿಯುತ್ತವೆ. ಮೋಡ ಕವಿದ ರಾತ್ರಿಯ ಉತ್ತರ ನಮ್ಮ ಶಾಸ್ತ್ರಕ್ಕೆ ಇನ್ನೂ ಹತ್ತಿರದ್ದು.

ಕಾಲೇಜಿನ ಪ್ರಯೋಗಶಾಲೆಯಲ್ಲಿ ಡಿಪ್ ಸರ್ಕಲ್ ಎಂಬ ಸಲಕರಣೆಯಿರುವುದನ್ನು ಓದುಗರಲ್ಲಿ ಹಲವರು ಕಂಡಿರಬಹುದು. ಮೇಲಕ್ಕೂ ಕೆಳಕ್ಕೂ ವಾಲಬಲ್ಲ ಒಂದು ಕಾಂತಸೂಜಿ ಅದರಲ್ಲಿದೆ. ಭೂಮಿಯ ಕಾಂತಕ್ಷೇತ್ರ ನೆಲಕ್ಕೆ ಎಷ್ಟು ಬಾಗಿದೆ ಎಂಬುದನ್ನು ಆ ಸೂಜಿ ಅಳೆದು ತೋರಿಸುತ್ತದೆ. ನಮ್ಮ ಕಡೆ ಸೂಜಿ ಬಹಳ ಬಾಗುವುದಿಲ್ಲ. ಬಹುಮಟ್ಟಿಗೆ ಮಲಗಿಯೇ ಇರುತ್ತದೆ. ಪ್ರತಿ ವರ್ಷವೂ ಯಾರಾದರೊಬ್ಬ ವಿದ್ಯಾರ್ಥಿ ಸಲಕರಣೆ ಕೆಟ್ಟಿದೆಯೆಂದು ದೂರು ತರುವುದುಂಟು. ಕೆಟ್ಟಿಲ್ಲ. ಕಾಂತ ಸಮಭಾಜಕ ರೇಖೆ ನಮ್ಮ ದೇಶದ ದಕ್ಷಿಣ ತುದಿಯ ಸಮೀಪದಲ್ಲಿ ಹಾದುಹೋಗುತ್ತದೆ, ಅಲ್ಲಿ ಸೂಜಿ ಪೂರ್ತಿಯಾಗಿ ಮಲಗುತ್ತದೆ. ನಾವು ಅಲ್ಲಿಂದ ದೂರವಿಲ್ಲ. ಇದೇ ಸಲಕರಣೆಯನ್ನು ನೊವೊಸಿಬಿರ್ಸ್ಕಿಗೆ ಒಯ್ದರೆ ಸೂಜಿ 70 ಡಿಗ್ರಿಗಿಂತ ಹೆಚ್ಚು ಬಾಗಿ ನೆಲವನ್ನು ನೋಡುತ್ತದೆ. ಉಲಿಯಕ್ಕಿಯ ಪ್ರಯಾಣವೆಲ್ಲ ಈ ಎರಡು ಬಾಗುಗಳ ನಡುವಿನದು.

ಹಕ್ಕಿಗಳು ಈ ಕ್ಷೇತ್ರವನ್ನು ಅರಿಯಬಲ್ಲವೆಂದು ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ಫ್ರಿಡ್ರಿಕ್ ಮರ್ಕೆಲ್ ಮತ್ತು ವೋಲ್ಫ್‌ಗ್ಯಾಂಗ್ ವಿಲ್ಟ್‌ಷ್ಕೊ 1960ರ ದಶಕದಲ್ಲಿ ತೋರಿಸಿದರು. ವಲಸೆಯ ಕಾಲದಲ್ಲಿ ರಾಬಿನ್ ಹಕ್ಕಿಯನ್ನು ಪಂಜರದಲ್ಲಿಟ್ಟರೆ ಅದು ಹಾರಬೇಕೆಂದಿರುವ ದಿಕ್ಕಿಗೇ ಮತ್ತೆ ಮತ್ತೆ ನೆಗೆಯುತ್ತದೆ. ಸುತ್ತಲೂ ತಂತಿಯ ಸುರುಳಿಗಳನ್ನಿಟ್ಟು ಕಾಂತಕ್ಷೇತ್ರವನ್ನು ತಿರುಗಿಸಿದಾಗ ಹಕ್ಕಿಯೂ ತಿರುಗಿತು. 1972ರಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಹಕ್ಕಿಗೆ ಉತ್ತರ ದಕ್ಷಿಣಗಳ ಭೇದ ಕಾಂತದಿಂದ ತಿಳಿಯುವುದಿಲ್ಲ. ಕ್ಷೇತ್ರದ ಬಾಗು ಯಾವ ಕಡೆಗಿದೆ ಎಂಬುದು ಮಾತ್ರ ತಿಳಿಯುತ್ತದೆ. ಅದರ ದಿಕ್ಸೂಚಿಯ ಭಾಷೆಯಲ್ಲಿರುವುದು “ಧ್ರುವದ ಕಡೆ”, “ಸಮಭಾಜಕದ ಕಡೆ” ಎಂಬ ಎರಡೇ ಮಾತುಗಳು. ನಮ್ಮ ದಿಕ್ಸೂಚಿಯಲ್ಲ, ನಮ್ಮ ಡಿಪ್ ಸರ್ಕಲ್ಲೇ ಹಕ್ಕಿಯ ದಿಕ್ಸೂಚಿ!

ಭೌತವಿಜ್ಞಾನಿಗಳಿಗೆ ಇದನ್ನು ಒಪ್ಪುವುದು ಸುಲಭವಾಗಿರಲಿಲ್ಲ. ಭೂಮಿಯ ಕ್ಷೇತ್ರ ನಮ್ಮಲ್ಲಿ ಸುಮಾರು 40 ಮೈಕ್ರೋಟೆಸ್ಲಾ ಮಾತ್ರ. ಅಷ್ಟು ದುರ್ಬಲವಾದ ಕ್ಷೇತ್ರ ಒಂದು ಎಲೆಕ್ಟ್ರಾನಿನ ಮೇಲೆ ಬೀರುವ ಶಕ್ತಿ, ದೇಹದ ಬಿಸಿಯಿಂದ ಅಣುಗಳಲ್ಲಿ ಆಗುವ ಕುಲುಕಾಟದ ಶಕ್ತಿಯ ಕೋಟಿಯಲ್ಲೊಂದು ಪಾಲು. ಜಾತ್ರೆಯ ಗದ್ದಲದಲ್ಲಿ ಇರುವೆಯ ಹೆಜ್ಜೆಯ ಸದ್ದನ್ನು ಕೇಳಿದಂತೆ. ಇದಕ್ಕೆ ದಾರಿಯೊಂದನ್ನು 1978ರಲ್ಲಿ ಕ್ಲಾಸ್ ಶೂಲ್ಟನ್ ಸೂಚಿಸಿದರು. ಬೆಳಕು ಬಿದ್ದಾಗ ಕೆಲವು ಅಣುಗಳಲ್ಲಿ ಜೋಡಿ ಎಲೆಕ್ಟ್ರಾನುಗಳು ಬೇರ್ಪಟ್ಟು, ಅವುಗಳ ಭ್ರಮಣಗಳು ಕ್ಷಣಮಾತ್ರ ಒಂದಕ್ಕೊಂದು ಹೊಂದಿಕೊಂಡೇ ನರ್ತಿಸುತ್ತವೆ. ಆ ನರ್ತನದ ಗತಿಯನ್ನು ಅತ್ಯಲ್ಪ ಕಾಂತಕ್ಷೇತ್ರವೂ ಬದಲಿಸಬಲ್ಲದು, ಅದರಿಂದ ರಾಸಾಯನಿಕ ಕ್ರಿಯೆಯ ಫಲ ಬೇರೆಯಾಗುತ್ತದೆ. ಇಂತಹ ಅಣು ಹಕ್ಕಿಯ ಕಣ್ಣಿನಲ್ಲಿರುವ ಕ್ರಿಪ್ಟೊಕ್ರೋಮ್ ಎಂಬ ಪ್ರೋಟೀನು ಆಗಿರಬಹುದೆಂದು 2000ದಲ್ಲಿ ಶೂಲ್ಟನ್ ಮತ್ತು ಅವರ ಸಂಗಡಿಗರು ಊಹಿಸಿದರು. ರಾಬಿನ್ ಹಕ್ಕಿಯ ಕ್ರಿಪ್ಟೊಕ್ರೋಮ್-4 ಕಾಂತಕ್ಕೆ ಸ್ಪಂದಿಸುವುದನ್ನು 2021ರಲ್ಲಿ ಪ್ರಯೋಗನಾಳದಲ್ಲಿ ಕಂಡದ್ದೂ ಆಯಿತು. ಜೀವಂತ ಹಕ್ಕಿಯ ಕಣ್ಣಿನಲ್ಲಿ ಅದು ಹಾಗೆಯೇ ನಡೆಯುತ್ತದೆಂದು ಸಾಧಿಸುವ ಕೆಲಸ ಉಳಿದಿದೆ. ನಮ್ಮ ವಿದ್ಯಾರ್ಥಿಗಳಿಗೆ ಅವಕಾಶ ತಪ್ಪಿಲ್ಲ.

ಜರ್ಮನಿಯ ಓಲ್ಡನ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ ನಡೆದ ಒಂದು ಪ್ರಸಂಗವನ್ನು ಇಲ್ಲಿ ಹೇಳಲೇಬೇಕು. ಅಲ್ಲಿನ ಆವರಣದ ಮರದ ಗುಡಿಸಲುಗಳಲ್ಲಿಟ್ಟ ರಾಬಿನ್‌ಗಳು ವರ್ಷಗಟ್ಟಲೆ ದಿಕ್ಕುಗಾಣದೆ ಅಡ್ಡಾದಿಡ್ಡಿ ನೆಗೆಯುತ್ತಿದ್ದವು. ಕೊನೆಗೆ ಗುಡಿಸಲಿಗೆ ಅಲ್ಯೂಮಿನಿಯಂ ತಗಡು ಹೊದಿಸಿ ಭೂಸಂಪರ್ಕ ಕೊಟ್ಟೊಡನೆ ಹಕ್ಕಿಗಳಿಗೆ ದಿಕ್ಕು ತಿಳಿಯಿತು; ಸಂಪರ್ಕವನ್ನು ಕಳಚಿದೊಡನೆ ಮತ್ತೆ ತಪ್ಪಿತು. ನಗರದ ವಿದ್ಯುತ್ ಸಲಕರಣೆಗಳಿಂದ ಹೊರಡುವ ಕ್ಷೀಣವಾದ ರೇಡಿಯೊ ಗದ್ದಲ ಅವುಗಳ ದಿಕ್ಸೂಚಿಯನ್ನು ಕೆಡಿಸಿತ್ತು. 2014ರಲ್ಲಿ ಈ ವರದಿ ಪ್ರಕಟವಾದಾಗ ಮೊಬೈಲ್ ಗೋಪುರಗಳೇ ಕಾರಣವೆಂದು ಹಲವರು ಬರೆದರು. ಅದು ತಪ್ಪು. ಕೇಡು ಮಾಡಿದ್ದು ಮೊಬೈಲಿನ ಅಲೆಗಳಿಗಿಂತ ಬಹಳ ಕಡಿಮೆ ಆವೃತ್ತಿಯ, ಹಳೆಯ ಮೀಡಿಯಂ ವೇವ್ ರೇಡಿಯೊದ ವಲಯದ ಅಲೆಗಳು.

ಇಷ್ಟೆಲ್ಲ ಸಾಧನ ಸಂಪತ್ತಿನಿಂದ ಬಂದ ಹಕ್ಕಿ ಇಲ್ಲಿ ಮಾಡುವುದೇನು? ನಾವು ಇದನ್ನು “ಚಳಿಗಾಲದ ಅತಿಥಿ” ಎನ್ನುತ್ತೇವೆ. ದಿನಚರಿಯನ್ನು ಬರೆಯತೊಡಗಿದ ಮೇಲೆ ಆ ಮಾತು ನಮಗೆ ಸರಿತೋರದಾಯಿತು. ಸೆಪ್ಟೆಂಬರಿನ ಕೊನೆಗೆ ಬಂದ ಹಕ್ಕಿ ಹೊರಡುವುದು ಏಪ್ರಿಲಿನಲ್ಲಿ. ಏಳು ತಿಂಗಳು ಇಲ್ಲಿ, ಮರಿಮಾಡುವ ನಾಡಿನಲ್ಲಿ ಎರಡು ಎರಡೂವರೆ ತಿಂಗಳು, ಉಳಿದುದು ದಾರಿಯಲ್ಲಿ. ಏಳು ತಿಂಗಳು ಇರುವವನನ್ನು ಅತಿಥಿಯೆಂದು ಯಾವ ಗೃಹಸ್ಥ ಕರೆಯುತ್ತಾನೆ? ಅಲ್ಲದೆ ಅದು ಊರೂರು ಅಲೆಯುವುದಿಲ್ಲ. ಬೇಲಿಯ ಇಷ್ಟು ಭಾಗ ತನ್ನದೆಂದು ಹಿಡಿದು, ಚೆಕ್ ಚೆಕ್ ಎಂದು ಸಾರುತ್ತ, ತನ್ನ ಜಾತಿಯ ಇನ್ನೊಂದು ಬಂದರೆ ಅಟ್ಟುತ್ತದೆ. ಅಜ್ಜಿ ಕೇಳುತ್ತಿದ್ದ ಕಲ್ಲು ಕುಟ್ಟುವ ಸದ್ದು ಗಡಿಕಲ್ಲು ನೆಡುವ ಸದ್ದೇ ಆಗಿತ್ತು!

ಮುಂದಿನ ವರ್ಷ ಬರುವುದು ಅದೇ ಹಕ್ಕಿಯೋ? ಕಾಲಿಗೆ ಉಂಗುರ ತೊಡಿಸದೆ ಇದಕ್ಕೆ ಉತ್ತರವಿಲ್ಲ. ನಮ್ಮ ದೇಶದಲ್ಲಿ ದೊಡ್ಡ ಪ್ರಮಾಣದಲ್ಲಿ ಉಂಗುರ ತೊಡಿಸುವ ಕೆಲಸ ಆರಂಭವಾದುದಕ್ಕೆ ಕರ್ನಾಟಕದ ಒಂದು ದುಃಖದ ಸಂಗತಿಯ ನಂಟುಂಟು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬದ ಕಡೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಜನರಿಗೆ ಕಾಯಿಲೆ ಬಂತು. ಅದರ ವೈರಸ್ ರಷ್ಯದ ಕಾಡುಗಳ ಒಂದು ರೋಗದ ವೈರಸ್ಸಿಗೆ ಹತ್ತಿರದ್ದೆಂದು ಕಂಡುಬಂದಾಗ, ವಲಸೆಯ ಹಕ್ಕಿಗಳು ಉಣ್ಣಿಗಳ ಮೂಲಕ ಅದನ್ನು ತಂದಿರಬಹುದೇ ಎಂಬ ಶಂಕೆ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ಸಾಲಿಂ ಅಲಿಯವರ ನೇತೃತ್ವದಲ್ಲಿ 1959ರಲ್ಲಿ ಹಕ್ಕಿಗಳ ವಲಸೆಯ ಅಧ್ಯಯನವನ್ನು ಕೈಗೊಂಡಿತು. ಹಕ್ಕಿಗಳ ಮೇಲಿನ ಆರೋಪ ಸಾಬೀತಾಗಲಿಲ್ಲ. ಅವುಗಳ ವಿಷಯದ ತಿಳಿವಳಿಕೆ ಮಾತ್ರ ಹೆಚ್ಚಿತು. ವಲಸೆಯ ಉಲಿಯಕ್ಕಿಗಳಲ್ಲಿ ಹಿಂದಿನ ವರ್ಷದ ಪೊದೆಗೇ ಮರಳಿ ಬರುವ ಸ್ವಭಾವವಿದೆ ಎಂಬುದನ್ನು ತೋರಿಸಿಕೊಟ್ಟದ್ದು ಇಂತಹ ಉಂಗುರಗಳೇ. 12 ಗ್ರಾಮಿನ ಹಕ್ಕಿಗೆ ಉಪಗ್ರಹಕ್ಕೆ ಸುದ್ದಿ ಕಳುಹಿಸುವ ಯಂತ್ರವನ್ನು ಕಟ್ಟುವಂತಿಲ್ಲ. ಮೈತೂಕದ ನೂರಕ್ಕೆ ಐದು ಪಾಲಿಗಿಂತ ಹೆಚ್ಚು ಹೊರಿಸಬಾರದೆಂಬ ನಿಯಮದಂತೆ ಅದು ಹೊರಬಲ್ಲುದು 0.6 ಗ್ರಾಂ.

ಈಗ ನಮ್ಮ ತಪ್ಪಿನ ಕಥೆಯನ್ನೂ ಹೇಳಿಬಿಡುತ್ತೇವೆ. ಒಂದು ಬೇಸಗೆಯ ರಜೆಯಲ್ಲಿ, ಹಾವಿನ ಭಯವೆಂದೂ ನೋಡಲು ಚೆನ್ನಲ್ಲವೆಂದೂ ಮನೆಯಲ್ಲಿ ಮಾತು ನಡೆದು, ನಾವೇ ಮುಂದೆ ನಿಂತು ಬೇಲಿಯನ್ನು ಕಡಿಸಿ ಸಿಮೆಂಟು ಇಟ್ಟಿಗೆಯ ಕಾಂಪೌಂಡು ಹಾಕಿಸಿದೆವು. ಹಕ್ಕಿಯ ನೆನಪೇ ಬರಲಿಲ್ಲ. ಅದು ಅಲ್ಲಿ ಇಲ್ಲದ ತಿಂಗಳುಗಳಲ್ಲವೇ ಅವು! ಅಕ್ಟೋಬರ್ ಬಂತು, ರಾಗಿಯ ಕೊಯಿಲಾಯಿತು, ಅವರೆಯ ಸೊಗಡು ಸಂತೆಯನ್ನೆಲ್ಲ ತುಂಬಿತು. ನಮ್ಮ ಹಿತ್ತಲಲ್ಲಿ ಸದ್ದಿಲ್ಲ. ದಿನಚರಿಯ ಪುಟದಲ್ಲಿ ವಾರ ವಾರವೂ “ಇಲ್ಲ” ಎಂದು ಬರೆದೆವು. ಗೋಡೆಯ ಮೇಲಿಂದ ಇಣುಕಿದ ಅಜ್ಜಿ, “ಅಷ್ಟು ದೂರದಿಂದ ಬಂದು ಗೋಡೆ ಕುಟುಕ್ಕೊಂಡು ತಿನ್ನಕ್ಕಾಗ್ತದಾ ಮೇಷ್ಟ್ರೇ?” ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಆದರೆ ವಿಜ್ಞಾನದ ಮೇಷ್ಟರಾಗಿ ಒಂದು ಎಚ್ಚರಿಕೆಯ ಮಾತನ್ನು ಸೇರಿಸಬೇಕು. ಒಂದು ಬೇಲಿ, ಒಂದು ಹಕ್ಕಿ, ಒಂದು ವರ್ಷ. ಇದರಿಂದ ಏನನ್ನೂ ಸಾಧಿಸಿದಂತಾಗುವುದಿಲ್ಲ. ಇಂತಹ ಚಿಕ್ಕ ಹಕ್ಕಿಗಳಲ್ಲಿ ಒಂದು ವರ್ಷದಿಂದ ಮುಂದಿನ ವರ್ಷಕ್ಕೆ ಉಳಿಯುವವು ಸುಮಾರು ಅರ್ಧದಷ್ಟೇ. ನಮ್ಮದು ದಾರಿಯಲ್ಲಿಯೇ ಸತ್ತಿರಬಹುದು. ಅಜ್ಜಿಯ ಹಿತ್ತಲಿನ ಹಿಂಭಾಗದಲ್ಲಿ ಉಳಿದಿದ್ದ ಬೇಲಿಯಲ್ಲಿ ಆ ವರ್ಷವೂ ಒಂದು ಹಕ್ಕಿ ಕಲ್ಲು ಕುಟ್ಟುತ್ತಿತ್ತೆಂಬುದು ಮಾತ್ರ ನಿಜ. ನಾವು ಗೋಡೆಯ ಒಳಬದಿಗೆ ದಾಸವಾಳ, ಪಾರಿಜಾತ, ಕರಿಬೇವುಗಳನ್ನು ಒತ್ತಾಗಿ ನೆಟ್ಟು, ಕತ್ತರಿ ಹಾಕದೆ ಬಿಟ್ಟೆವು. ಹಳೆಯ ಬೇಲಿಯಲ್ಲಿ ಲಂಟಾನ ಹೇರಳವಾಗಿತ್ತು. ಸಾವನದುರ್ಗದ ಕಾಡನ್ನು ನುಂಗುತ್ತಿರುವ ಆ ಕಳೆಯನ್ನು ಮತ್ತೆ ನೆಡಲು ಮನಸ್ಸಾಗಲಿಲ್ಲ. ಎರಡು ವರ್ಷ ಕಳೆದ ಮೇಲೆ, ನವೆಂಬರಿನ ಒಂದು ಸಂಜೆ, ದಾಸವಾಳದ ಬುಡದಿಂದ ಸದ್ದು ಕೇಳಿತು. ಹೊಸ ಹಕ್ಕಿಯೇ ಇರಬೇಕು. ಅದರ ಕಾಲಿನಲ್ಲಿ ಉಂಗುರವಿರಲಿಲ್ಲ.

ಹಿತ್ತಲ ಹಕ್ಕಿಗಳನ್ನು ನೋಡಬೇಕೆಂಬ ವಿದ್ಯಾರ್ಥಿಗಳಿಗೆ ಎರಡು ಮಾತು. ಪರದೇಶಗಳ ಪುಸ್ತಕಗಳಲ್ಲಿ ಕಾಳಿನ ತಟ್ಟೆಗಳನ್ನು ತೂಗುಹಾಕಲು ಹೇಳಿರುತ್ತಾರೆ. ಹಿಮ ಬೀಳುವ ನಾಡಿನಲ್ಲಿ ಕಾಳು ತಿನ್ನುವ ಹಕ್ಕಿಗಳಿಗೆ ಅದು ಹಿತ. ನಮ್ಮಲ್ಲಿಗೆ ಬರುವ ಚಳಿಗಾಲದ ಹಕ್ಕಿಗಳಲ್ಲಿ ಹೆಚ್ಚಿನವು ಹುಳು ತಿನ್ನುವವು. ರಾಗಿ, ಅಕ್ಕಿಗಳನ್ನು ಎರಚಿದರೆ ಪಾರಿವಾಳಗಳು ಮಾತ್ರ ದಪ್ಪನಾಗುತ್ತವೆ. ಎಲೆಗಳಿಗೆ ಕೀಟನಾಶಕ ಹೊಡೆಯದಿರುವುದೇ ಉಲಿಯಕ್ಕಿಗೆ ಊಟ ಬಡಿಸಿದಂತೆ. ಅಗಲವಾದ, ಆಳವಿಲ್ಲದ ಮಣ್ಣಿನ ತಟ್ಟೆಯಲ್ಲಿ ನೀರಿಟ್ಟು ದಿನವೂ ಬದಲಿಸಿದರೆ ಮರೆಯಲ್ಲಿರುವ ಹಕ್ಕಿಯೂ ಹೊರಗೆ ಬರುತ್ತದೆ. ಸೆಪ್ಟೆಂಬರ್, ಅಕ್ಟೋಬರುಗಳಲ್ಲಿ ಕಿಟಕಿಯ ಗಾಜಿಗೆ ಬಡಿದು ಬಣ್ಣಬಣ್ಣದ ಹಕ್ಕಿಯೊಂದು ಜಗಲಿಯಲ್ಲಿ ಬಿದ್ದಿರುವುದನ್ನು ಕಂಡರೆ ಅದು ಬಹುಶಃ ನವರಂಗ. ಇರುಳೆಲ್ಲ ಹಾರಿ ದಣಿದು ಬಂದದ್ದು. ನೀರು ಕುಡಿಸಲು ಹೋಗಬೇಡಿ. ತೂತುಗಳುಳ್ಳ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲಾಗಿ ಕೆಲವು ಗಂಟೆ ಇರಿಸಿ, ಚೇತರಿಸಿಕೊಂಡ ಮೇಲೆ ಗಿಡಗಳ ಬಳಿ ಬಿಟ್ಟರೆ ಸಾಕು. ನಮ್ಮ ವಿದ್ಯಾರ್ಥಿಗಳು ತಂದ ಒಂದು ನವರಂಗ ಹೀಗೆಯೇ ಉಳಿಯಿತು.

ದುರ್ಬೀನು ಇಲ್ಲದಿದ್ದರೂ ನಡೆಯುತ್ತದೆ, ನೋಟುಬುಕ್ಕು ಇಲ್ಲದೆ ನಡೆಯುವುದಿಲ್ಲ. ದಿನ, ಹೊತ್ತು, ಎಷ್ಟು ನಿಮಿಷ ನೋಡಿದಿರಿ, ಏನು ಕಂಡಿತು, ಏನು ಕಾಣಲಿಲ್ಲ. ಕಾಣದ್ದನ್ನು ಬರೆಯುವುದೂ ಅಷ್ಟೇ ಮುಖ್ಯ. ವಲಸೆ ಹಕ್ಕಿಗಳ ಮೊದಲ ದರ್ಶನವನ್ನು ವರದಿ ಮಾಡುವ ಮೈಗ್ರೆಂಟ್‌ವಾಚ್ ಎಂಬ ಕಾರ್ಯ 2007ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಹಿತ್ತಲ ಹಕ್ಕಿಗಳ ಜಾಗತಿಕ ಎಣಿಕೆಗೆ ಭಾರತ 2013ರಲ್ಲಿ ಸೇರಿತು. ಅದಕ್ಕೆ ಹದಿನೈದು ನಿಮಿಷ ಕುಳಿತು ನೋಡಿದರೂ ಸಾಕು. ಇಂತಹ ಸಾಮಾನ್ಯರ ಪಟ್ಟಿಗಳನ್ನೇ ಒಟ್ಟುಗೂಡಿಸಿ 2023ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿಯೊಂದು ಹೊರಬಂತು. ಸುಮಾರು 30,000 ಮಂದಿ ಕೊಟ್ಟ ಮೂರು ಕೋಟಿ ದಾಖಲೆಗಳು ಅದಕ್ಕೆ ಆಧಾರ. ದೀರ್ಘಕಾಲದ ಲೆಕ್ಕ ಸಿಕ್ಕ 338 ಜಾತಿಗಳಲ್ಲಿ ನೂರಕ್ಕೆ 60 ಜಾತಿಗಳು ಕಡಿಮೆಯಾಗಿವೆ ಎಂದು ಅದು ಹೇಳಿತು. ಯಾವ ಸರ್ಕಾರದ ನೌಕರನೂ ನಮ್ಮ ನಿಮ್ಮ ಬೇಲಿಗಳನ್ನು ಇಣುಕಿ ಎಣಿಸಲು ಬರಲಾರ. ಆ ಲೆಕ್ಕವಿರುವುದು ಅಜ್ಜಿಯಂತಹವರ ಕಿವಿಯಲ್ಲಿ.

ಮಾರ್ಚ್ ಕಳೆಯುತ್ತಿದ್ದಂತೆ ನಮ್ಮ ಬೇಲಿಯ ಹಕ್ಕಿ ಬದಲಾಗುತ್ತದೆ. ಆರು ತಿಂಗಳು ಒಂದೇ ಸದ್ದು ಮಾಡಿದ್ದು ಬೆಳಗಿನ ಜಾವ ಗಂಟಲೊಳಗೇ ಹಾಡನ್ನು ಅಭ್ಯಾಸ ಮಾಡತೊಡಗುತ್ತದೆ. ಬೇರೆ ಹಕ್ಕಿಗಳ ದನಿಗಳನ್ನೂ ಎರವಲು ಪಡೆದು ಸೇರಿಸಿಕೊಳ್ಳುವ ಹಾಡು ಅದು. ಮಾವಿನ ಕಾಯಿ ಉಪ್ಪಿನಕಾಯಿಗೆ ಬಲಿಯುವ ಹೊತ್ತಿಗೆ ಅದು ಹೊರಟುಹೋಗಿರುತ್ತದೆ. ಬಂದ ದಿನವನ್ನು ಅಂದೇ ಬರೆದಿಡಬಹುದು. ಹೋದ ದಿನವನ್ನು ಹಾಗೆ ಬರೆಯಲಾಗದು. ಒಂದು ಬೆಳಿಗ್ಗೆ ಸದ್ದಿರುವುದಿಲ್ಲ, ಮರುದಿನವೂ ಇರುವುದಿಲ್ಲ. ವಾರ ಕಳೆದ ಮೇಲೆ ನಾವು ಪುಟಗಳನ್ನು ಹಿಂದಕ್ಕೆ ತಿರುವಿ, ಕೊನೆಯ “ಕೇಳಿಸಿತು” ಎಂಬ ಮಾತಿನ ಕೆಳಗೆ ಪೆನ್ಸಿಲಿನಿಂದ ಒಂದು ಗೆರೆ ಎಳೆಯುತ್ತೇವೆ.